ಕಡೇ ಗದ್ದೆಯ ನೀರು

ಹಂಪಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕಲ್ಲಿನ ರಥ ಅನ್ನುತ್ತಾರೆ, ಆನೆ ಲಾಯ ಅನ್ನುತ್ತಾರೆ, ನಾದ ಹೊರಡುವ ಕಂಬ ಅನ್ನುತ್ತಾರೆ. ನಮ್ಮ ತಾತ ಆವಲಪ್ಪನದು ಮಾತ್ರ ಸಾಯುವವರೆಗೂ ಒಂದೇ ಉತ್ತರ: "ಒಂದು ಗದ್ದೆ ನೋಡ್ದೆ ಕಣಪ್ಪ, ಅಂಗೈಯಗಲ." ಕೇಳಿದವರು ಮುದುಕನಿಗೆ ಅರಳುಮರಳು ಅಂದುಕೊಂಡು ಹೋಗುತ್ತಿದ್ದರು. ಅವನಿಗೆ ಅರಳುಮರಳು ಎಂದೂ ಆಗಲಿಲ್ಲ. ಆ ಗದ್ದೆಯ ಬದುವಿನ ಮೇಲೆ ಕೂತು ನಾನೂ ಹುರಿಹಿಟ್ಟು ತಿಂದಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ತಾತ ಸೂಲಿಬೆಲೆ ಕಡೆಯ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ನೋಡಿ ಹರಿಸುವುದು, ಮತ್ತೆ ತೂಬು ಇಳಿಸುವುದು, ಇಷ್ಟು ಅವನ ಕೆಲಸ. ಅವನ ಅಪ್ಪನದೂ ಅದೇ ಆಗಿತ್ತು. ಗಡಿಯಾರ ಇರಲಿಲ್ಲ. ಕೆರೆ ಏರಿಯ ಮೇಲೆ ನೆಟ್ಟಿದ್ದ ಒಂದು ಕಲ್ಲಿನ ನೆರಳು ನೋಡಿ ನೀರು ತಿರುಗಿಸುತ್ತಿದ್ದ. ಊರ ಗೌಡರಾದ ಅಪ್ಪಯ್ಯಣ್ಣನವರು ಒಂದು ಸಲ, ಬತ್ತಕ್ಕೆ ತೆನೆ ಬರುವ ಹೊತ್ತಿನಲ್ಲಿ, ತಮ್ಮ ಗದ್ದೆಗೆ ಇನ್ನೊಂದು ಗಳಿಗೆ ನೀರು ಬಿಡು ಎಂದು ಹೇಳಿಕಳಿಸಿದರು. ತಾತ ಹೋಗಿ ಕೈ ಮುಗಿದು ನಿಂತು, "ನಾಡಿದ್ದು ನಿಮ್ಮ ಸರದಿ ಸ್ವಾಮಿ, ನಾನೇ ಬಂದು ತಿರುಗಿಸ್ತೀನಿ" ಅಂದನಂತೆ. ಕೈ ಮುಗಿಯುವುದರಲ್ಲಿ ಅವನು ಕೊರತೆ ಮಾಡುತ್ತಿರಲಿಲ್ಲ, ನೀರು ಮಾತ್ರ ಒಂದು ಬೊಗಸೆ ಹೆಚ್ಚು ಹೋಗುತ್ತಿರಲಿಲ್ಲ. ಗೌಡರು ಹದಿನೈದು ದಿನ ಮುಖ ಗಂಟು ಹಾಕಿಕೊಂಡಿದ್ದು ಆಮೇಲೆ ಸುಮ್ಮನಾದರು.

ಈ ಚಾಕರಿಗೆಂದು ಊರವರು ಅವನಿಗೆ ಕಾಲುವೆಯ ಕಟ್ಟಕಡೆಯಲ್ಲಿ ಒಂದು ತುಂಡು ಗದ್ದೆ ಬಿಟ್ಟುಕೊಟ್ಟಿದ್ದರು. ಎಲ್ಲರ ಗದ್ದೆ ನೆನೆದ ಮೇಲೆ ಉಳಿದ ನೀರು ಅದಕ್ಕೆ. ಉಳಿಯದಿದ್ದರೆ ಇಲ್ಲ. ಊರಿಗೆಲ್ಲ ನೀರು ಕೊಡುವವನ ಪೈರೇ ಎಷ್ಟೋ ವರ್ಷ ಒಣಗಿ ಹುಲ್ಲಾಗಿತ್ತು. ನಮ್ಮ ಅಜ್ಜಿ ಮುನಿತಾಯಮ್ಮ ಮದುವೆಯಾಗಿ ಬಂದ ವರ್ಷದಿಂದ ಇದೊಂದೇ ರಾಗ ಹಾಡುತ್ತಿದ್ದಳು. "ಆಂಜಿ ಅಪ್ಪ, ತೂಬು ನಿನ್ನ ಕೈಲಿ ಐತೆ, ಗದ್ದೆ ನಮ್ದು ಒಣಗ್ತೈತೆ. ನಿನ್ನಂಥ ಗಂಡುಸು ಸುತ್ತ ಏಳೂರಲ್ಲಿ ಇಲ್ಲ ಬುಡು." ಗಂಡನ ಹೆಸರು ಹೇಳಬಾರದಲ್ಲ, ಅದಕ್ಕೆ ಮಗನ ಹೆಸರು ಹಿಡಿದು ಬೈಯುತ್ತಿದ್ದಳು. ತಾತ ಎಲೆ ಅಡಿಕೆ ಅಗಿಯುತ್ತ, "ಕಡೇ ಗದ್ದೆ ಕಣೇ ನಮ್ದು, ಕಡೇಲೇ ಕುಡೀಬೇಕು" ಅನ್ನುತ್ತಿದ್ದ.

ಇನ್ನು ಅಜ್ಜಿಯ ಹರಕೆಯ ಮಾತು. ನಮ್ಮದು ಊರ ಹೊರಗಿನ ಕೇರಿ. ಊರಿನ ಸೋಮೇಶ್ವರನ ಗುಡಿಯೊಳಕ್ಕೆ ಆಗ ನಮ್ಮವರನ್ನು ಬಿಡುತ್ತಿರಲಿಲ್ಲ. ಸೋಮೇಶ್ವರನ ನೈವೇದ್ಯದ ಅಕ್ಕಿ ಬೆಳೆಯಲು ನೀರು ಹರಿಸುವವನು ತಾತ. ಆ ಅನ್ನ ಒಳಗೆ ಹೋಗುತ್ತಿತ್ತು, ತಾತ ಹೋಗುತ್ತಿರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ತಾತನಿಗೆ ಬರುತ್ತಿತ್ತೋ ಇಲ್ಲವೋ, ಅವನು ಹೇಳಲಿಲ್ಲ.

ಸಾವಿರದ ಒಂಬೈನೂರ ಹದಿನೆಂಟರಲ್ಲಿ, ಮನೆಮನೆಗೂ ಆ ಕೆಟ್ಟ ಜ್ವರ ನುಗ್ಗಿದಾಗ, ನಮ್ಮ ಅಪ್ಪ ಆಂಜಿನಪ್ಪ ಮೂರು ವರ್ಷದ ಕೂಸು. ಕೇರಿಯಲ್ಲಿ ದಿನಕ್ಕೆ ಇಬ್ಬರು ಮೂವರು ಹೋಗುತ್ತಿದ್ದರು. ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡದ್ದು ನೋಡಿ ಅಜ್ಜಿ ಓಡಿಹೋಗಿ ಗುಡಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತು, "ನನ್ ಮಗನ್ನ ಉಳಿಸಪ್ಪ ಸೋಮೇಶ್ವರ, ನಿನ್ನ ಗರ್ಭಗುಡಿ ಒಳಗೆ ಬಂದು ನನ್ ಕೈಯಾರೆ ದೀಪ ಹಚ್ತೀನಿ" ಎಂದು ಹರಕೆ ಹೊತ್ತಳು. ಮಾರನೆಯ ಬೆಳಿಗ್ಗೆ ಕೂಸು ಕಣ್ಣು ಬಿಟ್ಟು ಗಂಜಿ ಕೇಳಿತು. ಆಮೇಲೆ ಅಜ್ಜಿಗೆ ತಾನು ಆಡಿದ ಮಾತು ಏನೆಂದು ಹೊಳೆಯಿತು. ಬಾಗಿಲೊಳಗೆ ಕಾಲಿಡುವ ಹಾಗಿಲ್ಲ, ಗರ್ಭಗುಡಿಯ ದೀಪ ಹಚ್ಚುತ್ತೇನೆ ಅಂದುಬಿಟ್ಟಿದ್ದಾಳೆ!

ಆಗಿನ ಪೂಜಾರಿಗಳು ಒಳ್ಳೆಯವರೇ. ಎಣ್ಣೆ ಕೊಡು, ನಿನ್ನ ಹೆಸರಲ್ಲಿ ನಾನೇ ಹಚ್ಚುತ್ತೇನೆ ಅಂದರು. ಅಜ್ಜಿ ಒಪ್ಪಲಿಲ್ಲ. "ನನ್ ಕೈಯಾರೆ ಅಂದಿದೀನಿ ಸ್ವಾಮಿ, ನಿಮ್ ಕೈಯಾರೆ ಅಂದಿಲ್ಲ" ಅಂದಳು. ಹಟಮಾರಿ ಹೆಂಗಸು. ಹಣತೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಅದು ಅಲ್ಲಿ ಇಪ್ಪತ್ತೆಂಟು ವರ್ಷ ಕೂತಿತ್ತು. ಅಪ್ಪ ಬೆಳೆದು ದೊಡ್ಡಬಳ್ಳಾಪುರದಲ್ಲಿ ರೈಲ್ವೆ ಗ್ಯಾಂಗ್‌ಮನ್ ಆದ, ಮದುವೆಯಾದ, ನಾನು ಹುಟ್ಟಿದೆ. ಏನು ಒಳ್ಳೆಯದಾದರೂ ಅಜ್ಜಿ ಅರ್ಧ ನಗುತ್ತಿದ್ದಳು, ಇನ್ನರ್ಧ ಹಣತೆಯ ಹತ್ತಿರ ಇರುತ್ತಿತ್ತು. ನಲವತ್ತೈದರಲ್ಲಿ ರೈಲು ಹಳಿಯ ಅಡಿಗೆ ಹಾಕುವ ಮರದ ದಿಮ್ಮಿ ಅಪ್ಪನ ಕಾಲ ಮೇಲೆ ಬಿದ್ದು ಒಂದು ಬೆರಳು ಹೋಯಿತು. ಅಜ್ಜಿ ಎದೆ ಎದೆ ಬಡಿದುಕೊಂಡಳು. "ದೇವ್ರು ಒಂದು ಬೆರಳು ತಗೊಂಡು ನೆನಪು ಮಾಡವ್ನೆ. ಇನ್ನೊಂದು ಸಲ ಏನ್ ತಗೋತಾನೋ" ಎಂದು ಊಟ ಬಿಟ್ಟಳು.

ಅಪ್ಪನ ಜೊತೆ ಕೆಲಸ ಮಾಡುವ ಜವರಪ್ಪ ಎಂಬುವನು ಮೊದಲು ಗುಂತಕಲ್ಲಿನ ಆಚೆ ಇದ್ದವನು. ಅವನೇ ಉಪಾಯ ಹೇಳಿದ್ದು. "ಹಂಪೇಲಿ ಎಣಿಸೋಕಾಗ್ದಷ್ಟು ಹಾಳು ಗುಡಿ ಬಿದ್ದಾವೆ ಗುರು. ಬಾಗ್ಲೂ ಇಲ್ಲ, ಪೂಜಾರೀನೂ ಇಲ್ಲ, ಯಾರು ನೀನು ಅಂತ ಕೇಳೋರೂ ಇಲ್ಲ. ಅಮ್ಮನ್ನ ಕರ್ಕೊಂಡು ಹೋಗು. ಯಾವುದಾದ್ರೂ ಗರ್ಭಗುಡೀಲಿ ದೀಪ ಹಚ್ಲಿ, ದೇವ್ರು ಎಲ್ಲಾ ಕಡೇನೂ ಒಬ್ನೇ." ಅಪ್ಪನಿಗೆ ವರ್ಷಕ್ಕೊಂದು ರೈಲ್ವೆ ಪಾಸು ಸಿಗುತ್ತಿತ್ತು, ಮನೆಯವರೆಲ್ಲ ಬಿಟ್ಟಿ ಹೋಗಿ ಬರಬಹುದು. ನಲವತ್ತಾರರ ಸಂಕ್ರಾಂತಿ ಕಳೆದ ಮೇಲೆ ಅಪ್ಪ ಹತ್ತು ದಿನ ರಜಾ ತೆಗೆದುಕೊಂಡ. ಹೋಗುವ ದಾರಿಯಲ್ಲಿ ಕೋಟೆ ಕೊತ್ತಲ ಏನಿದೆಯೋ ಎಲ್ಲ ನೋಡಿಕೊಂಡೇ ಹೋಗೋಣ ಎಂದು ನಮ್ಮ ಅಮ್ಮ ಅನುಸೂಯಮ್ಮ ಸೇರಿಸಿದಳು. ಅವಳಿಗೆ ತವರೂರು ಬಿಟ್ಟರೆ ದೊಡ್ಡಬಳ್ಳಾಪುರ, ಅದು ಬಿಟ್ಟರೆ ಪ್ರಪಂಚ ಗೊತ್ತಿರಲಿಲ್ಲ.

ತಾತನನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಬತ್ತ ಕೊಯ್ದಾಗಿತ್ತು, ತೂಬು ಇಳಿಸಿಯಾಗಿತ್ತು, ಕೆರೆಗೆ ಅವನ ಅಗತ್ಯವೇ ಇರಲಿಲ್ಲ. ಆದರೂ "ತೂಬು ಸೋರಿದ್ರೆ? ದನ ಏರಿ ತುಳಿದ್ರೆ?" ಎಂದು ಒಂದೊಂದೇ ತೆಗೆಯುತ್ತಿದ್ದ. ಅಪ್ಪ ಹುಟ್ಟಿದ ದಿನವೂ ತೂಬಿನ ಹತ್ತಿರವೇ ಇದ್ದವನು, ಸರದಿ ಮುಗಿಸಿ ಬಂದು ಮಗುವಿನ ಮುಖ ನೋಡಿದವನು. ಒಂದು ಹೊತ್ತಿಗಾದರೂ ತೂಬನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಕೊನೆಗೆ ಅಜ್ಜಿ, "ನೀನು ಬರ್ದಿದ್ರೆ ನಾನೂ ಹೋಗಲ್ಲ. ಹಣತೆ ಜೊತೆ ನನ್ನೂ ಮಣ್ಣಿಗಾಕು" ಅಂದಳು. ತಾತ ಎದ್ದುಹೋಗಿ ತನ್ನ ತಮ್ಮ ರಾಮಾಂಜಿನಪ್ಪನಿಗೆ ಕೆರೆ ನೋಡಿಕೋ ಎಂದು ಹೇಳಿ, ಹೇಳಿದ್ದನ್ನೇ ನಾಲ್ಕು ಸಲ ಹೇಳಿ ಬಂದ.

ಹೊರಟೆವು. ಒಂದು ಚೀಲದಲ್ಲಿ ಹುರಿಹಿಟ್ಟು, ಬೆಲ್ಲ, ಒಣಗಿದ ರೊಟ್ಟಿ. ಅಜ್ಜಿಯ ಸೊಂಟದಲ್ಲಿ ಹಣತೆಯ ಗಂಟು, ಮನೆಯಲ್ಲೇ ಕಾಯಿಸಿ ತೆಗೆದ ಹರಳೆಣ್ಣೆಯ ಪುಟ್ಟ ಸೀಸೆ. ಬೆಂಕಿಪೊಟ್ಟಣ ಒಂಬತ್ತು ವರ್ಷದ ನನ್ನ ವಶ. ಯುದ್ಧ ಆಗಷ್ಟೇ ಮುಗಿದ ಆ ದಿನಗಳಲ್ಲಿ ಬೆಂಕಿಕಡ್ಡಿಗೂ ಬರ, ಪೊಟ್ಟಣದಲ್ಲಿ ಏಳೇ ಕಡ್ಡಿ ಇದ್ದವು.

ಮೊದಲು ದೇವನಹಳ್ಳಿ. ಅಲ್ಲಿಂದ ಮುಂದಕ್ಕೆ ಪೆಟ್ರೋಲಿನ ಬದಲು ಇದ್ದಲಿನಲ್ಲಿ ಓಡುವ ಬಸ್ಸು, ಅದಕ್ಕೆ ಬೆಂಕಿ ಹೊತ್ತಿಸಿ ಉಸಿರು ಬರಿಸುವಷ್ಟರಲ್ಲಿ ನಾವು ಕೋಟೆಯನ್ನೆಲ್ಲ ಸುತ್ತಿ ಬಂದೆವು. ಅಮ್ಮ ಬಾಯಿ ಬಿಟ್ಟುಕೊಂಡು ಬುರುಜು ನೋಡಿದಳು. ತಾತ ಕಂದಕಕ್ಕೆ ಇಣುಕಿ, "ಇದಕ್ಕೆ ನೀರು ಎಲ್ಲಿಂದ ತರ್ತಿದ್ರಂತೆ?" ಎಂದು ಕೇಳಿದ. ಯಾರಿಗೆ ಗೊತ್ತು? ಇಡೀ ಪ್ರವಾಸದಲ್ಲಿ ಅವನದು ಇದೊಂದೇ ಪ್ರಶ್ನೆ. ಎಲ್ಲರೂ ಕತ್ತೆತ್ತಿ ನೋಡುವ ಕಡೆ ಅವನು ಬಗ್ಗಿ ನೋಡುತ್ತಿದ್ದ.

ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಹಿಂದೂಪುರದಲ್ಲಿ ಇಳಿದು, ಗಾಡಿ ಮಾಡಿಕೊಂಡು ಲೇಪಾಕ್ಷಿಗೆ ಹೋದೆವು. ಅಲ್ಲಿಯ ಕಲ್ಲು ಬಸವ ನಮ್ಮ ಕೇರಿಯ ಗುಡಿಸಲುಗಳಿಗಿಂತ ಎತ್ತರ. ಬಯಲಲ್ಲಿ ಕೂತಿದ್ದಾನೆ, ಯಾರು ಬೇಕಾದರೂ ಮುಟ್ಟಬಹುದು. ಅಜ್ಜಿ ಅವನ ಕೊರಳ ಗಂಟೆಸರವನ್ನು ಸವರಿದಳು, ಗಂಗೆದೊಗಲಿಗೆ ಕೆನ್ನೆ ಒತ್ತಿದಳು. ಅಪ್ಪ ಆಸೆಯಿಂದ, "ಅವ್ವಾ, ಇಲ್ಲೇ ಹಚ್ಬಿಡು. ಶಿವನ ವಾಹನ ಅಲ್ವಾ?" ಅಂದ. ಅಜ್ಜಿ ತಲೆಯಾಡಿಸಿದಳು. "ಇವ್ನು ನಮ್ಮಂಗೇ ಹೊರಗೆ ಕೂತವ್ನು ಕಣ್ಲಾ. ನಾನು ಮಾತು ಕೊಟ್ಟಿರೋದು ಒಳಗಿರೋನ್ಗೆ."

ಪೆನುಗೊಂಡೆಯಲ್ಲಿ ಬೆಟ್ಟದ ಕೋಟೆ, ರಾಯರು ಹಂಪಿ ಬಿಟ್ಟು ಬಂದು ಕೂತ ಊರು ಎಂದು ಯಾರೋ ಹೇಳಿದರು. ಹಳೆಯ ಮಹಲಿನ ಮಹಡಿಯ ಮೇಲೆ ಅಮ್ಮ ರಾಣಿಯ ಹಾಗೆ ಸೆರಗು ಹೊದ್ದು ಓಡಾಡಿದಳು. ಅಪ್ಪನ ಎದುರಿಗೆ ಅವಳು ಅಷ್ಟು ನಕ್ಕಿದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು. ತಾತ ಕೆಳಗಿನ ಕೆರೆ ನೋಡಿ ಬಂದು, "ತೂಬಿನ ಕಲ್ಲು ಒಳ್ಳೇದು, ಇಟ್ಟಿರೋ ಜಾಗ ಸರಿಯಿಲ್ಲ" ಎಂದು ತೀರ್ಪು ಕೊಟ್ಟ. ರಾಯರಿದ್ದಿದ್ದರೆ ಬದಲಾಯಿಸುತ್ತಿದ್ದರೋ ಏನೋ.

ಗುಂತಕಲ್ಲಿನಲ್ಲಿ ರೈಲು ಬದಲಾಯಿಸಿ ಹೊಸಪೇಟೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹಂಪಿ. ಬಂಡೆಗಳ ಮೇಲೆ ಬಂಡೆ ಕೂತ ಆ ಊರು ನೋಡಿ ನಾನು, ಇದನ್ನು ಯಾರು ಹೊತ್ತು ತಂದಿಟ್ಟರು ಎಂದು ಕೇಳಿ ಬೈಸಿಕೊಂಡೆ. ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆಯುತ್ತಿತ್ತು. ನಾವು ಗೋಪುರವನ್ನು ಬೀದಿಯಿಂದಲೇ ನೋಡಿ ಕೈ ಮುಗಿದೆವು. ಒಳಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಬಜಾರಿನ ಸಾಲು ಮಂಟಪದಲ್ಲಿ ಗಂಟು ಇಳಿಸಿ, ಮೈ ತೊಳೆದುಕೊಂಡು, ಬೆಟ್ಟದ ಸಂದಿನಿಂದ ಇಳಿದು ಅಚ್ಯುತರಾಯನ ಗುಡಿಗೆ ಹೋದೆವು. ಜವರಪ್ಪ ಹೇಳಿದ್ದು ನಿಜ, ಬಾಗಿಲೇ ಇರಲಿಲ್ಲ.

ಅಜ್ಜಿ ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ಯಾರೂ ತಡೆಯಲಿಲ್ಲ, ಆದರೂ ಅವಳ ಕಾಲು ಏಳಲಿಲ್ಲ. ಅಮ್ಮ ಕೈ ಹಿಡಿದು ದಾಟಿಸಿದಳು. ಕಂಬಗಳ ಸಾಲು ದಾಟಿ, ಕತ್ತಲ ಕೋಣೆ ದಾಟಿ, ಅಜ್ಜಿ ತನ್ನ ಐವತ್ತು ವರ್ಷದಲ್ಲಿ ಮೊದಲ ಸಲ ಒಂದು ಗರ್ಭಗುಡಿಯೊಳಗೆ ನಿಂತಳು. ಬಾವಲಿಯ ವಾಸನೆ. ಒಂದು ಒಡೆದ ಪೀಠ. ಪೀಠದ ಮೇಲೆ ಯಾರೂ ಇರಲಿಲ್ಲ.

"ಇಲ್ಲಿ ದೇವ್ರೇ ಇಲ್ವಲ್ಲೋ ಆಂಜಿ" ಅಂದಳು. ಪಕ್ಕದ ಇನ್ನೆರಡು ಗುಡಿಗಳಲ್ಲಿ ನೋಡಿದೆವು. ಅಲ್ಲೂ ಹಾಗೆಯೇ. ಬಾಗಿಲಿದ್ದ ಕಡೆ ನಮಗೆ ಪ್ರವೇಶವಿಲ್ಲ, ಪ್ರವೇಶವಿದ್ದ ಕಡೆ ದೇವರಿಲ್ಲ. ನನಗೆ ಅಳು ಬಂತು, ಅಜ್ಜಿಗೆ ಬರಲಿಲ್ಲ. ಹಣತೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡೀರಿ, ಹಿಟ್ಟು ಕಲಸ್ಬೇಕು" ಅಂದಳು. ವಾಪಸು ರೈಲು ಹತ್ತುವ ಮೊದಲು ಉಳಿದಿದ್ದು ಇನ್ನೊಂದೇ ದಿನ.

ಮಾರನೆಯ ಬೆಳಿಗ್ಗೆ ತಾತ ಕಾಣಲಿಲ್ಲ. ಹೊತ್ತೇರುವ ಹೊತ್ತಿಗೆ ಓಡುತ್ತ ಬಂದ. ಅವನು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ಬನ್ರೋ, ಒಂದು ತಮಾಸೆ ತೋರಿಸ್ತೀನಿ" ಅಂದ. ನಡೆಯುತ್ತ ಹೇಳಿದ. ಕಮಲಾಪುರದ ದಾರಿಯಲ್ಲಿ ಅವನಿಗೆ ಒಂದು ಕಾಲುವೆ ಕಂಡಿತ್ತು. ರಾಯರ ಕಾಲದ್ದು, ಈಗಲೂ ತುಂಬಿ ಹರಿಯುತ್ತಿದೆ. "ಅರಮನೆ ಎಲ್ಲಾ ಬಿದ್ದೋಗೈತೆ, ಕಾಲುವೆ ಬಿದ್ದಿಲ್ಲ!" ಎಂದು ತಾನೇ ಕಟ್ಟಿಸಿದವನ ಹಾಗೆ ಬೀಗಿದ. ಅದರ ಒಂದು ಕವಲನ್ನು ಹಿಡಿದು ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತ ಹೋಗಿದ್ದನಂತೆ. ಆ ನೀರು ಒಂದು ಗುಡಿಯೊಳಕ್ಕೆ ಹೋಗುತ್ತಿತ್ತು.

ಚಿಕ್ಕ ಕಲ್ಲಿನ ಗುಡಿ. ಬಾಗಿಲಿಲ್ಲ, ಪೂಜೆಯಿಲ್ಲ, ಮಾಡಿನ ಒಂದು ಭಾಗ ಬಿದ್ದು ಬಿಸಿಲು ಒಳಕ್ಕೆ ಬೀಳುತ್ತಿತ್ತು. ಒಳಗೆ ನೀರಿನ ನಡುವೆ, ಎರಡಾಳೆತ್ತರದ ಕರಿಯ ಲಿಂಗ. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು, "ಬಡವಿ ಲಿಂಗ ಅಂತಾರ. ಯಾರೋ ಬಡವಿ ಮಾಡಿಸಿದ್ದಂತ" ಅಂದಳು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು, ನೋಡಿದಳು. "ಅಲ್ಲೂ ನೀನೇ, ಇಲ್ಲೂ ನೀನೇ. ನಾನು ಬರೋದ ಕಾಯ್ತಾ ನೀರಲ್ಲಿ ನಿಂತಿದ್ಯಾ" ಅಂದಳು. ಅಪ್ಪನ ಕಣ್ಣು ತುಂಬಿತು.

ಆದರೆ ನೀರು ಎದೆಮಟ್ಟ ಇತ್ತು. ಅಜ್ಜಿ ಗಿಡ್ಡ ಹೆಂಗಸು. ಹಣತೆ ಇಡುವ ಪೀಠದ ಅಂಚೇ ನೀರಲ್ಲಿ ಮುಳುಗಿತ್ತು. ಅಪ್ಪ ಇಳಿದು ನೋಡಿ, "ನಾನು ನಿನ್ನ ಎತ್ಕೋತೀನಿ ಅವ್ವಾ" ಅಂದ. ಅಂಚು ಮುಳುಗಿರುವಾಗ ಎತ್ತಿಕೊಂಡು ದೀಪ ಎಲ್ಲಿಡುವುದು? ಅಜ್ಜಿ ಯಾರ ಮಾತನ್ನೂ ಕೇಳದೆ ಸೀರೆ ಕಚ್ಚೆ ಕಟ್ಟಿ ಇಳಿದೇಬಿಟ್ಟಳು. ಪಾಚಿಗಟ್ಟಿದ ಕಲ್ಲು. ಎರಡನೆಯ ಹೆಜ್ಜೆಗೇ ಕಾಲು ಜಾರಿ ಮುಳುಗಿದಳು. ಅಪ್ಪ ತೋಳು ಹಿಡಿದು ಎಳೆದು ದಡಕ್ಕೆ ತಂದ. ಮೈಯೆಲ್ಲ ತೊಯ್ದು, ಹಣತೆಯನ್ನು ಎದೆಗೆ ಒತ್ತಿ ಹಿಡಿದು, ಅಜ್ಜಿ ಕಲ್ಲಿನ ಮೇಲೆ ಕೂತು ಅತ್ತಳು. ನಿನ್ನೆ ಅಳದಿದ್ದದ್ದೂ ಸೇರಿ ಅತ್ತಳು.

ತಾತ ನೀರು ಒಳಕ್ಕೆ ಹೋಗುವ ಬಾಯಿಯನ್ನೇ ನೋಡುತ್ತ ನಿಂತಿದ್ದ. ಮೊಳ ಅಗಲದ ಬಾಯಿ. ಅದನ್ನು ಕಟ್ಟಿದರೆ ಒಳಗಿನ ನೀರು ಆ ಕಡೆಯ ಕಂಡಿಯಿಂದ ಹರಿದುಹೋಗಿ ಮೊಣಕಾಲಿಗೆ ಇಳಿಯುತ್ತದೆ. ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? ಅಜ್ಜಿಗೂ ಗೊತ್ತಾಯಿತು. ಅಳು ನಿಲ್ಲಿಸಿದಳು.

"ನಾಲ್ಕು ಹೆಂಟೆ ಮಣ್ಣು ಹಾಕು ಆಂಜಿ ಅಪ್ಪ" ಅಂದಳು.

"ಯಾರ ನೀರೋ ಏನೋ" ಅಂದ ತಾತ.

"ಮೂವತ್ತು ವರ್ಷ ಊರಿಗೆಲ್ಲಾ ನೀರು ತಿರುಗಿಸ್ದೆ. ನನಗೆ ಅಂತ ಒಂದು ಸಲ ತಿರುಗಿಸು. ಯಾರು ನೋಡ್ತಾರೆ ಇಲ್ಲಿ?"

"ಕೆಳಗೆ ಯಾವನದೋ ಗದ್ದೆ ಕಾಯ್ತಾ ಇರ್ತದೆ ಕಣೇ, ಮುನಿತಾಯಿ."

"ಕಾಯ್ಲಿ! ನಾನು ಇಪ್ಪತ್ತೆಂಟು ವರ್ಷ ಕಾದಿಲ್ವಾ?"

ತಾತ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕಾಲುವೆಯ ಬದಿ ಹಿಡಿದು ನಡೆದುಹೋದ. ಅಪ್ಪನಿಗೆ ಎಂದೂ ಬಾರದ ಸಿಟ್ಟು ಬಂತು, ತಾನೇ ಮಣ್ಣು ತೋಡಲು ಬಗ್ಗಿದ. ಅಜ್ಜಿ ತಡೆದಳು. "ಬ್ಯಾಡ ಬುಡು. ಹಾಕಿದ್ರೆ ನಿಮ್ಮಪ್ಪನೇ ಹಾಕ್ಬೇಕು, ಇಲ್ದಿದ್ರೆ ಇಲ್ಲ." ಅವಳ ಈ ನ್ಯಾಯ ನನಗೆ ಆಗ ಅರ್ಥವಾಗಲಿಲ್ಲ. ಆ ಗಳಿಗೆಯಲ್ಲಿ ನಾನು ತಾತನನ್ನು ದ್ವೇಷಿಸಿದೆ ಅಂದರೆ ಸುಳ್ಳಲ್ಲ.

ಬಿಸಿಲಿಗೆ ಅಜ್ಜಿಯ ಸೀರೆ ಒಣಗುವಷ್ಟು ಹೊತ್ತಾದ ಮೇಲೆ ತಾತ ವಾಪಸು ಬಂದ. ಜೊತೆಗೆ ಗುದ್ದಲಿ ಹೆಗಲಿಗಿಟ್ಟ ಇನ್ನೊಬ್ಬ ಮುದುಕ. ತಾತನಂಥದೇ ಮಾಸಿದ ಪೇಟ, ನೀರಿನಲ್ಲಿ ನಿಂತು ನಿಂತು ಬೆರಳ ಸಂದು ಬಿರಿದ ಅದೇ ಪಾದ. ಹೆಸರು ಪಾಪಯ್ಯ, ಆ ಕಾಲುವೆಯ ನೀರುಗಂಟಿ. ತಾತ ಅವನನ್ನು ಗದ್ದೆಯಿಂದ ಗದ್ದೆಗೆ ಕೇಳುತ್ತ ಹೋಗಿ ಹುಡುಕಿದ್ದ. ನೀವು ಯಾವ ಜನ ಎಂದು ಪಾಪಯ್ಯ ಕೇಳಿರಲಿಲ್ಲವಂತೆ. ನಾನೂ ನೀರು ಬಿಡೋನೇ ಎಂದು ತಾತ ಹೇಳಿದ್ದಷ್ಟೇ ಅವನಿಗೆ ಸಾಕಾಗಿತ್ತು.

ಪಾಪಯ್ಯ ಅಜ್ಜಿಯನ್ನು ನೋಡಿದ, ಅವಳ ಕೈಯಲ್ಲಿದ್ದ ಹಣತೆಯನ್ನು ನೋಡಿದ. "ಎಷ್ಟೊತ್ತು ಬೇಕು?" ಎಂದು ತಾತನನ್ನು ಕೇಳಿದ.

"ಒಂದು ದೀಪ ಹಚ್ಚೋವಷ್ಟು. ಈಗ ಯಾರ ಸರದಿ? ಅವ್ರಿಗೊಂದು ಮಾತು ಹೇಳಿ ಬರ್ತೀನಿ."

"ಅದು ನನಗ ಬಿಡು. ಮಣ್ಣು ಹಾಕು ನೀ" ಅಂದ ಪಾಪಯ್ಯ, ಗುದ್ದಲಿ ಕೊಟ್ಟು.

ಹೀಗೆ ನಮ್ಮ ತಾತ ತನ್ನ ಜೀವಮಾನದಲ್ಲಿ ಮೊದಲ ಸಲ ಹೆಂಡತಿಗೋಸ್ಕರ ನೀರು ಕಟ್ಟಿದ. ಹೆಂಟೆ ಇಟ್ಟು, ಸೊಪ್ಪು ತುರುಕಿ, ಮೇಲೆ ಕೆಸರು ಬಳಿದು, ಒಂದು ತೊಟ್ಟು ಸೋರದ ಹಾಗೆ. ಒಳಗಿನ ನೀರು ನಿಧಾನವಾಗಿ ಇಳಿಯತೊಡಗಿತು. ಅಜ್ಜಿಯ ಸೊಂಟಕ್ಕೆ ಬರುವಷ್ಟಾಯಿತು, ತೊಡೆಯಷ್ಟಾಯಿತು. ಪೀಠದ ಅಂಚು ಒದ್ದೆಯಾಗಿ ಮೇಲೆ ಬಂತು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಹಿಡಿದುಕೊಂಡರು. ನಾನು ಬೆಂಕಿಪೊಟ್ಟಣವನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಹೋದೆ.

ಅಜ್ಜಿ ಅಂಚನ್ನು ಸೆರಗಿನಿಂದ ಒರೆಸಿದಳು. ಹಣತೆ ಇಟ್ಟಳು, ಎಣ್ಣೆ ಬಿಟ್ಟಳು, ಬತ್ತಿ ನೀವಿದಳು. ಮೊದಲ ಕಡ್ಡಿ ಪುಸ್ಸೆಂದಿತು. ಎರಡನೆಯದು ಮುರಿಯಿತು. ಮೂರನೆಯದು ಹತ್ತಿತು. ದೀಪ ನಿಂತ ಮೇಲೆ ಅಜ್ಜಿ ದೊಡ್ಡ ಮಾತೇನೂ ಆಡಲಿಲ್ಲ. "ತಡ ಆಯ್ತು ಕಣಪ್ಪ, ತಪ್ಪು ತಿಳ್ಕೋಬೇಡ" ಅಂದಳು. ಅಪ್ಪನ ತಲೆಯನ್ನು ಬಗ್ಗಿಸಿ ಲಿಂಗಕ್ಕೆ ಮುಟ್ಟಿಸಿದಳು, ಮೂರು ವರ್ಷದ ಕೂಸಿಗೆ ಮಾಡಿಸಿದ ಹಾಗೆ. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದಳು, "ಆಂಜಿ ಅಪ್ಪಾ, ಬಾ ಒಳಗೆ!"

"ನೀವು ನೋಡ್ಕಳಿ. ನಾನು ನೀರತ್ರ ಇರ್ಬೇಕು" ಎಂದು ಹೊರಗಿನಿಂದ ಉತ್ತರ ಬಂತು. ಮಗ ಹುಟ್ಟಿದ ದಿನವೂ ಇದೇ ಉತ್ತರ ಕೊಟ್ಟಿರಬೇಕು.

ಆಗ ಪಾಪಯ್ಯನ ದನಿ ಕೇಳಿಸಿತು. "ನೀ ಹೋಗಪ್ಪ ಒಳಗ. ನೀರು ನಾ ನೋಡ್ತೀನಿ."

ತಾನು ಕಟ್ಟಿದ ನೀರನ್ನು ಇನ್ನೊಬ್ಬನ ಕೈಗೆ ಬಿಟ್ಟು ತಾತ ಒಳಗೆ ಬಂದ. ಕೆಸರು ಕೈಯನ್ನು ನೀರಲ್ಲಿ ಅದ್ದಿ ತೊಳೆದುಕೊಂಡ. ಅಜ್ಜಿಯ ಪಕ್ಕ ನಿಂತು ದೀಪ ನೋಡಿದ. ನಾನು ಅಷ್ಟು ಸುಖವಾಗಿ ಯಾರೂ ಸುಮ್ಮನೆ ನಿಂತಿದ್ದನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಹೊರಗೆ ಬಂದವನೇ ತಾತ ಹೆಂಟೆ ಕಿತ್ತು ನೀರು ಬಿಟ್ಟ. ನೀರು ಒಳಕ್ಕೆ ನುಗ್ಗಿ ಪೀಠದ ಅಂಚಿನತ್ತ ಏರುವುದರೊಳಗೆ ಅಪ್ಪ ದೀಪವನ್ನು ಮೇಲಿನ ಗೂಡಿಗೆ ಎತ್ತಿಟ್ಟು ಬಂದ. ಇನ್ನು ಹೊರಡಬಹುದಿತ್ತು. ಅಮ್ಮನಿಗೆ ಆನೆ ಲಾಯ, ರಾಣಿಯ ಸ್ನಾನದ ಕೊಳ ನೋಡುವ ಆಸೆ. ಆದರೆ ತಾತ ಪಾಪಯ್ಯನ ಬೆನ್ನು ಬಿಡಲಿಲ್ಲ. ಯಾರ ಗದ್ದೆಗೆ ಹೋಗುವ ನೀರು ತಡೆದಿದ್ದೆವು ಹೇಳು, ಅವರ ಕೈ ಹಿಡಿದು ತಪ್ಪಾಯಿತು ಅನ್ನಬೇಕು ಎಂದು ಒಂದೇ ಹಟ. "ಬ್ಯಾಡ ಬಿಡಪ್ಪ" ಎಂದು ಪಾಪಯ್ಯ ಎರಡು ಸಲ ಅಂದ. ತಾತ ಸುಮ್ಮನೆ ನೀರಿನ ಜೊತೆ ನಡೆದ. ನಾವು ಅವನ ಹಿಂದೆ ನಡೆದೆವು. ನೀರು ಬಾಳೆ ತೋಟ ದಾಟಿತು, ದೊಡ್ಡ ದೊಡ್ಡ ಗದ್ದೆಗಳನ್ನು ದಾಟಿತು, ಅವೆಲ್ಲ ಆಗಲೇ ನೆನೆದಿದ್ದವು. ಕಾಲುವೆ ಮುಗಿಯುವಲ್ಲಿ, ಬಂಡೆಯ ಬುಡದಲ್ಲಿ, ಅಂಗೈಯಗಲದ ಒಂದು ಗದ್ದೆ. ಹೊಸ ನಾಟಿ, ನೆಲ ಸಣ್ಣಗೆ ಬಿರುಕು ಬಿಟ್ಟಿತ್ತು. ನೀರು ಅದರೊಳಗೆ ಹೋಯಿತು.

"ಯಾರದಪ್ಪ ಇದು?" ಎಂದು ತಾತ ಕೇಳಿದ.

ಪಾಪಯ್ಯ ಪೇಟ ಬಿಚ್ಚಿ ಮುಖ ಒರೆಸಿಕೊಂಡ. "ನಂದೇ. ಮತ್ತ ಯಾರ ನೀರು ನಿಲ್ಲಸ್ಲಿ?"

ತಾತ ತುಂಬ ಹೊತ್ತು ಆ ಗದ್ದೆಯನ್ನು ನೋಡಿದ. ಆಮೇಲೆ ಅಜ್ಜಿಯ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ, "ನೋಡ್ದೆ ಬುಡು, ಕಡೇ ಗದ್ದೆ" ಅಂದಳು.

ನಾವು ಆನೆ ಲಾಯಕ್ಕೆ ಹೋಗಲಿಲ್ಲ, ರಾಣಿಯ ಕೊಳಕ್ಕೂ ಹೋಗಲಿಲ್ಲ. ಆ ಮಧ್ಯಾಹ್ನವೆಲ್ಲ ಆ ಬದುವಿನ ಮೇಲೆ ಕೂತಿದ್ದೆವು. ಅಜ್ಜಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ಪಾಪಯ್ಯನಿಗೆ ಮೊದಲ ಉಂಡೆ ಕೊಟ್ಟಳು. ಅಮ್ಮ ಕೂಡ ಬೇಸರ ಮಾಡಿಕೊಳ್ಳಲಿಲ್ಲ, ಕಾಲನ್ನು ನೀರಿಗೆ ಇಳಿಬಿಟ್ಟು ಪೆನುಗೊಂಡೆಯ ನಗುವನ್ನೇ ನಗುತ್ತಿದ್ದಳು. ತಾತ ಮತ್ತು ಪಾಪಯ್ಯ ಗದ್ದೆಯೊಳಗೆ ಬಗ್ಗಿ ನೀರು ಮೂಲೆಮೂಲೆಗೂ ಹೋಗುವ ಹಾಗೆ ಕೈಯಲ್ಲೇ ದಾರಿ ಮಾಡುತ್ತಿದ್ದರು, ತೂಬಿನ ವಿಷಯ ಜಗಳವಾಡುತ್ತಿದ್ದರು. ಹೊರಡುವಾಗ ಕಾಗದ ಬರಿ ಎಂದು ಇಬ್ಬರೂ ಹೇಳಿಕೊಳ್ಳಲಿಲ್ಲ. ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ.

ಊರಿಗೆ ಬಂದಾಗ ಕೆರೆ ಇದ್ದ ಹಾಗೇ ಇತ್ತು, ತೂಬು ಸೋರಿರಲಿಲ್ಲ, ರಾಮಾಂಜಿನಪ್ಪ ಹೆಮ್ಮೆಯಿಂದ ಏರಿಯ ಮೇಲೆ ಕೂತಿದ್ದ. ಅಜ್ಜಿ ಅಂದಿನಿಂದ ಕಡೇ ಗದ್ದೆಯ ಮಾತು ಎತ್ತಲಿಲ್ಲ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಎತ್ತಿದಳು, ಮುಂದಿನ ಮಳೆಗಾಲಕ್ಕೇ ಎತ್ತಿದಳು. ಆದರೆ ಬೈದು ಮುಗಿಸಿದ ಮೇಲೆ ತಾನೇ ತಂಬಿಗೆ ತೆಗೆದುಕೊಂಡು ಕೊನೆಯ ಸರದಿಗೆ ಗದ್ದೆಯ ಹತ್ತಿರ ಹೋಗಿ ಕೂರುತ್ತಿದ್ದಳು. ನೀರು ಬಂದ ದಿನ, ಬರುತ್ತಿದ್ದ ಹಾಗೆಯೇ, ಮೊದಲ ಬೊಗಸೆಯನ್ನು ಎತ್ತಿ ಹಂಪಿಯ ದಿಕ್ಕಿಗೆ ಚೆಲ್ಲುತ್ತಿದ್ದಳು. ಅದು ದೇವರಿಗೋ ಅವ್ವಾ ಎಂದು ಅಪ್ಪ ಒಮ್ಮೆ ಕೇಳಿದ.

"ದೇವ್ರಿಗೆ ದೀಪ ಹಚ್ಚಾಯ್ತಲ್ಲ ಕಣ್ಲಾ" ಅಂದಳು ಅಜ್ಜಿ. "ಇದು ಪಾಪಯ್ಯನ ಗದ್ದೆಗೆ."